ಎಂಬತ್ತೈದು ಕುದುರಿ, ಒಂದ ದೋಣಿ

ಸ್ವಲ್ಪ ಇತ್ತ ಸರೀರಿ. ಬಾಗಲಾ ಮುಂದ ಮಾಡ್ರಿ, ಮಾತು ಹೊರಗ ಹೋಗಬಾರದು. ನಾ ಹೇಳೂದನ್ನ ಕೇಳಿ ಹೊಟ್ಟ್ಯಾಗ ಇಟ್ಕೋಬೇಕು, ಯಾರ ಮುಂದೂ ಬಾಯಿ ಬಿಡಬಾರದು. ಹೂಂ ಅಂದ್ರ ಮುಂದ ಹೇಳತೀನಿ, ಇಲ್ಲಾಂದ್ರ ಎದ್ದು ಹೋಗ್ರಿ. ನಾ ಮೂರನೇ ಇಯತ್ತಾ ಕಲತಾಕಿ, ಮಾತು ಸೊಟ್ಟ ಇದ್ರ ಇರಲಿ, ಸುದ್ದಿ ನೆಟ್ಟಗೈತಿ. ಮತ್ತ ನಾ ಯಾರ ಸುದ್ದಿಗೂ ಹೋಗಾಕಿ ಅಲ್ಲ. ನಮ್ಮ ಓಣ್ಯಾಗ ಇಂಥಾವು ನಡಕೋತನ ಇರತಾವ, ಒಂದು ಮುಗೀತು ಅನ್ನೂದ್ರಾಗ ಇನ್ನೊಂದು ಬಂದು ಕಟ್ಟಿ ಮ್ಯಾಲ ಕುಂದರತೈತಿ. ನಾ ಏನ ಮಾಡ್ಲಿ?

ಬೀಳಗಿ ಕಡೆ ನಮ್ಮದು ಮುಳುಗಡಿ ಊರು. ಖರೆ ಊರು ಹಿನ್ನೀರಿನ ತಳದಾಗ ಐತಿ. ನಾವು ಇರೂದು ದಿನ್ನಿ ಮ್ಯಾಲಿನ ಹೊಸ ಊರಾಗ. ಹಳೇ ಊರಾಗ ಗ್ವಾಡಿಗೆ ಗ್ವಾಡಿ ಹತ್ತಿದ್ವು. ಆ ಕಡೆ ಮನ್ಯಾಗ ಒಗ್ಗರಣಿ ಕೊಟ್ರ ಈ ಕಡೆ ನಾವು ಸೀನತಿದ್ವಿ. ಗಂಡ-ಹೆಂಡ್ತಿ ಪಿಸುಮಾತು ಸೈತ ಬಿಟ್ಟಿ ಸಿಗತಿತ್ತು. ಇಲ್ಲಿ ಸರಕಾರದವರು ಹಗ್ಗ ಹಿಡದು, ಅಳದು ಪ್ಲಾಟ ಕೊಟ್ಟಾರ. ಒಂದು ಗುಟ್ಟು ಹೇಳಬೇಕಾದ್ರ ಒದರಬೇಕು. ಅದೂ ಕೇಳಾಕ ಮಂದಿ ಇದ್ರ. ನಮ್ಮ ಓಣ್ಯಾಗ ಹನ್ನೊಂದು ಪ್ಲಾಟ, ಒಂಬತ್ತರಾಗ ಜಾಲಿಕಂಟಿ ಬೆಳದು ನಿಂತಾವ. ಉಳಿದ ಎರಡರಾಗ ಒಂದು ನಂದು, ಎದುರಿಂದು ಮಿಸ್ತ್ರೀದು.

ಮಿಸ್ತ್ರಿ ಅಂದ್ರ ಪಂಪ್‌ಸೆಟ್ ಮಿಸ್ತ್ರಿ. ಸುಟ್ಟ ಮೋಟರಿಗೆ ತಂತಿ ಸುತ್ತಿ ಸುತ್ತಿ ಮುದುಕ ಆದಾಂವ. ನನಗಿಂತ ಆರು ವರ್ಷ ಸಣ್ಣಾಂವ, ನನಗ ಅಕ್ಕಾ ಅಂತಾನ. ಹೆಂಡ್ತಿ ತೀರಿಕೊಂಡ ಮ್ಯಾಲ ಮೋಟರ್ ಕೆಲಸ ಬಿಟ್ಟ, ಯಾವದೋ ಪಿಕ್ನಿಕ್ ಜಾಗಾದಾಗ ಬಿಸಲಿಗೆ ಬಿದ್ದಿದ್ದ ಒಂದು ಹಳೇ ಸ್ಪೀಡ್‌ಬೋಟ್ ತಂದ. ಮಂದಿ ಹೆಂಡ್ತಿ ಸತ್ರ ಇನ್ನೊಬ್ಬಾಕಿನ್ನ ಮಾಡಕೋತಾರ, ಇಂವ ದೋಣಿ ಮಾಡಕೊಂಡ. ಅದೂ ಸೆಕೆಂಡ್‌ಹ್ಯಾಂಡ್.

ದೋಣಿ ಇಂಜಿನ್ನು ನಲವತ್ತು ಎಚ್‌ಪಿ. ಅಂದ್ರ ನಲವತ್ತು ಕುದುರಿ ಜೋರು. ಅದನ್ನ ಕಿತ್ತು ಎಂಬತ್ತೈದರದ್ದು ಹಾಕ್ಲ್ಯೋ ಬ್ಯಾಡೋ ಅನ್ನೂದು ಅವಂಗ ಹಿಡದ ಹುಚ್ಚು. ಯಾಕಂದ್ರ ಆಚೇ ದಂಡಿಗೆ, ದೊಡ್ಡ ಬ್ರಿಜ್ಜಿನ ಹತ್ರ, ಒಬ್ಬ ಗುತ್ತೇದಾರ ಬೋಟಿಂಗ್ ಚಾಲೂ ಮಾಡ್ಯಾನ. "ಎಂಟು ಮಂದಿ ಕುಂತರೂ ಮೂಗು ಎತ್ತಿ ಓಡೂ ದೋಣಿ ತಾ, ನಿನಗ ಕೆಲಸಾನೂ ಕೊಡತೀನಿ, ಇರಾಕ ಖೋಲೀನೂ ಕೊಡತೀನಿ" ಅಂದಾನಂತ. ನಲವತ್ತರಾಗ ಅದು ಆಗೂದಲ್ಲ. ಅಂದ್ರ ದೊಡ್ಡ ಇಂಜಿನ್ ಬಂತೋ, ಎದುರು ಮನಿಗೆ ಕೀಲಿ ಬಿತ್ತು. ಸಣ್ಣದ ಉಳೀತೋ, ಮಿಸ್ತ್ರಿ ಉಳದ. ನನಗೇನು? ಹೋದ್ರ ಹೋಗ್ಲಿ. ಮುಂಜಾನೆದ್ದು ನಾ ಬಾಗಲಾ ತಗದಾಗ ಎದುರಿಗೆ ಒಂದು ಕೆಮ್ಮು ಕೇಳಸೂದಿಲ್ಲ, ಅಷ್ಟ.

ಗಾಲಿ ಇಲ್ಲದ ಗಾಡಿ

ದೋಣಿ ಟ್ರ್ಯಾಕ್ಟರ್ ಟ್ರೇಲರಿನ್ಯಾಗ ಬಂತು. ನಮ್ಮಲ್ಲಿ ಹೊಸ ಗಾಡಿ ಬಂದ್ರ ಗಾಲಿ ಕೆಳಗ ಲಿಂಬಿಹಣ್ಣು ಇಟ್ಟು ಹಿಚಕಬೇಕು. ಸೈಕಲ್‌ಮೋಟರಿಗೂ ಅದ ಪೂಜಿ, ಕಬ್ಬಿನ ಟ್ರ್ಯಾಕ್ಟರಿಗೂ ಅದ ಪೂಜಿ. ಪೂಜಿಗೆ ಬಂದ ಅಯ್ಯನೋರು ನಾಕು ಲಿಂಬಿಹಣ್ಣು ಹಿಡಕೊಂಡು ದೋಣಿ ಸುತ್ತ ಎರಡು ಸುತ್ತು ಹಾಕಿದ್ರು, ಬಗ್ಗಿ ನೋಡಿದ್ರು, ಮತ್ತ ಎದ್ದು ನಿಂತ್ರು.

"ಮಿಸ್ತ್ರೀ, ಗಾಲಿ ಎಲ್ಲಿ?"

"ಅಯ್ಯನೋರ, ದೋಣಿಗೆ ಗಾಲಿ ಇರೂದಿಲ್ರಿ."

"ಹಂಗಾದ್ರ ತಿರಗೂದು ಏನೈತಿ?"

"ಹಿಂದ ಪಂಕಾ ತಿರಗತೈತ್ರಿ."

"ತಿರಗತೈತಿ ಅಂದ್ರ ಅದ ಗಾಲಿ. ಚಾಲೂ ಮಾಡು."

ನೀರಿಲ್ಲದ ಚಾಲೂ ಮಾಡಿದ್ರ ಇಂಜಿನ್ ಸುಡತೈತ್ರಿ ಅಂತ ಮಿಸ್ತ್ರಿ ಕೈ ಮುಗದ. ಮಂದಿ ಬಿಡತಾರೇನು? ದನಾ ನೀರು ಕುಡಿಯೂ ಡ್ರಮ್ ಉಳ್ಳಿಸಿಕೊಂಡು ಬಂದು, ನೀರು ತುಂಬಿ, ಪಂಕಾ ಅದರಾಗ ಮುಳಗಿಸಿ, ಮ್ಯಾಲ ನಾಕೂ ಲಿಂಬಿಹಣ್ಣು ತೇಲಿಬಿಟ್ರು. ಎಲ್ಲಾರೂ ಡ್ರಮ್ಮಿನ ಸುತ್ತ ಬಗ್ಗಿ ಕೈ ಮುಗದು ನಿಂತ್ವಿ. ಮಿಸ್ತ್ರಿ ಹಗ್ಗ ಜಗ್ಗಿದ.

ಭರ್ರ್ ಅಂತು, ಅಷ್ಟ ಗೊತ್ತು. ಡ್ರಮ್ಮಿನ ನೀರು ಡ್ರಮ್ಮಿನ್ಯಾಗ ಒಂದು ಹನಿ ಉಳೀಲಿಲ್ಲ. ಅಯ್ಯನೋರ ಹಣಿ ವಿಭೂತಿ ತೊಳದು ಗದ್ದಕ್ಕ ಬಂತು. ಮೂರು ಲಿಂಬಿಹಣ್ಣು ಚೂರಚೂರ ಆಗಿ ಮಂದಿ ಕಣ್ಣಿಗೆ ಹಾರಿದ್ವು. ನಾಕನೇದ್ದು ಇಡೀ ಹಣ್ಣು ನನ್ನ ಉಡ್ಯಾಗ ಬಂದು ಬಿತ್ತು, ನಾ ಉಪ್ಪಿನಕಾಯಿಗೆ ಹಾಕಿದ್ನಿ.

ಅಯ್ಯನೋರು ಕಣ್ಣು ತಿಕ್ಕೋತ ಅಂದ್ರು: "ಶಾಸ್ತ್ರ ಆತು ತಮ್ಮಾ. ಇದರಕಿಂತ ದೊಡ್ಡ ಇಂಜಿನ್ ತಂದ್ರ ನನ್ನ ಕರೀಬ್ಯಾಡ."

ನೋಡ್ರಿ, ದೊಡ್ಡ ಇಂಜಿನ್ ಬ್ಯಾಡ ಅಂತ ಮೊದಲ ಹೇಳಿದವರು ಅವರು. ನಾ ಅಲ್ಲ.

ಕಬ್ಬಿನ್ಯಾಗ ಹೊಕ್ಕ ದೋಣಿ

ನಲವತ್ತು ಸಾಲೂದಿಲ್ಲ, ಎಂಬತ್ತೈದು ಬೇಕು ಅಂತ ಮಿಸ್ತ್ರಿ ಚಾದಂಗಡ್ಯಾಗ ಬಾಯಿ ಬಿಟ್ಟ. ಅಲ್ಲಿ ಮುಧೋಳ ಕಡೆ ಫ್ಯಾಕ್ಟರಿಗೆ ಕಬ್ಬು ಹೊಡಿಯೂ ಟ್ರ್ಯಾಕ್ಟರ್ ಡ್ರೈವರ್ ಕುಂತಿದ್ದ. ಅವಂಗ ಇದು ತನಗ ಬೈದಂಗ ಅನಿಸಿತು.

"ಮಿಸ್ತ್ರಿಕಾಕಾ, ನಂದೂ ನಲವತ್ತ ಎಚ್‌ಪಿ ಐತಿ. ಎರಡು ಟ್ರೇಲರ್ ಕಬ್ಬು ಎಳೀತೈತಿ, ಮ್ಯಾಲ ನನ್ನ ಹಾಡಿನ ಡಬ್ಬೀನೂ ಎಳೀತೈತಿ. ನಿಂದು ಆರು ಮುದುಕರನ್ನ ಎಳಿಯಾಕ ಮುಕ್ಕರಿಸತೈತಿ. ನಿನ್ನ ಕುದುರಿ ಮೇವು ತಿನ್ನೂದಿಲ್ಲೇನು?"

"ಲೇ ತಮ್ಮಾ, ನಿನ್ನ ಗಾಲಿಗೆ ಹಿಡಿಯಾಕ ನೆಲ ಸಿಗತೈತಿ. ನೀರಾಗ ಏನ ಹಿಡೀಬೇಕು?"

"ಸುಳ್ಳ ಮಾತು ಯಾಕ? ಹಗ್ಗ ಕಟ್ಟಿ ನೋಡಿಬಿಡೂಣು."

ಐತವಾರ ಊರಿಗೂರ ದಂಡಿಗೆ ಬಂತು. ಟ್ರ್ಯಾಕ್ಟರ್ ದಂಡಿ ಮ್ಯಾಲ, ದೋಣಿ ನೀರಾಗ, ನಡುವ ಭಾಂವಿ ಹಗ್ಗ. ಮಿಸ್ತ್ರಿ ಇಂಜಿನ್ ಏರಿಸಿದ. ದೋಣಿ ಹಿಂದ ನೀರು ಬೆಳ್ಳಗ ಕುದ್ದಂಗ ಆತು, ಸಪ್ಪಳಕ್ಕ ಕೊಕ್ಕರಿ ಎಲ್ಲಾ ಎದ್ದು ಹಾರಿದ್ವು. ಡ್ರೈವರ್ ಹಾಡಿನ ಡಬ್ಬಿ ಜೋರ ಮಾಡಿ, ಗೇರ್ ಹಾಕಿ, ಮುಂದ ನೋಡಕೋತ ಹೊಂಟ. ಹಿಂದ ನೋಡ್ಲೇ ಇಲ್ಲ.

ದೋಣಿ ಹಿಂದಹಿಂದಕ್ಕ ದಂಡಿ ಏರಿತು. ಮಿಸ್ತ್ರಿ ಲಗೂನ ಇಂಜಿನ್ ಬಂದ್ ಮಾಡಿ ಪಂಕಾ ಮ್ಯಾಲೆತ್ತಿದ, ಪುಣ್ಯಾಕ. ರಾಡಿ ದಾಟಿತು, ಕಚ್ಚಾ ರಸ್ತಾ ದಾಟಿತು. ನಾವು "ನಿಲ್ಲಸೋ, ನಿಲ್ಲಸೋ" ಅಂತ ಬೆನ್ನ ಹತ್ತಿದ್ವಿ. ಹಾಡಿನ ಸಪ್ಪಳದಾಗ ಅವಂಗ ಎಲ್ಲಿ ಕೇಳಬೇಕು! ಕಬ್ಬಿನ ಹೊಲದ ನಡುವ ಹಗ್ಗ ಹರದಾಗ ದೋಣಿ ನಿಂತಿತು. ಮಿಸ್ತ್ರಿ ಮಾತ್ರ ಸ್ಟೇರಿಂಗ್ ಬಿಟ್ಟಿರಲಿಲ್ಲ. ಎರಡೂ ಕೈಲೆ ಹಿಡಕೊಂಡು, ಮುಂದ ನೋಡಕೋತ, ಜಿಲ್ಲಾಧಿಕಾರಿ ಹಂಗ ಕುಂತಿದ್ದ.

ಹೊಲದಾಂವ ಕುಡಗೋಲ ಹಿಡಕೊಂಡ ಬಂದು, ಆ ದೋಣಿ ಮ್ಯಾಲಿಂದ ಕೆಳತನ ನೋಡಿ ಕೇಳಿದ: "ಮಿಸ್ತ್ರೀ, ಇಲ್ಲೇನ ಮಾಡಾಕತ್ತೀರಿ?"

ಮಿಸ್ತ್ರಿ ತಿರುಗಿ ಸೈತ ನೋಡಲಿಲ್ಲ. "ಇಂಜಿನ್ ಸಣ್ಣದಾತು ನೋಡ್ರಿ" ಅಂದ.

ನೀರಿನ ಮ್ಯಾಲಿನ ಹಿತ್ತಲ

ವರ್ಷಕ್ಕೊಮ್ಮೆ ಹಿನ್ನೀರು ತುಂಬಿದ ಮ್ಯಾಲ ಮಿಸ್ತ್ರಿ ಹಳೇ ಮಂದೀನ್ನ ದೋಣ್ಯಾಗ ಕುಂದ್ರಿಸಿಕೊಂಡು ಹಳೇ ಊರಿನ ಮ್ಯಾಲ ಹೋಗತಾನ. ಹನಮಪ್ಪನ ಗುಡಿ ಇದ್ದಲ್ಲಿ ಕಾಯಿ ಒಡದು ನೀರಿಗೆ ಬಿಟ್ಟು ಬರೂದು. ಗುರ್ತು ಯಾವದೂ ಇಲ್ಲ. ಆಚೇ ದಂಡಿ ಗುಡ್ಡ, ಈಚೇ ದಂಡಿ ಟವರ್ ನೋಡಿ, ಇದು ಅಗಸಿ, ಇದು ಭಾಂವಿ, ಇದು ಸಾಲಿ ಅಂತ ಅಂದಾಜು ಹೇಳಬೇಕು.

ಈ ಸಲ ನಾವು ಆರು ಮಂದಿ. ಗುಡಿ ಮ್ಯಾಲ ಬಂದ್ವಿ ಅಂದಕೂಡಲೇ ಎಲ್ಲಾರೂ ಚಪ್ಪಲಿ ಬಿಟ್ರು. ಗೌಡರ ಮನಿ ಮ್ಯಾಲ ಬಂದ್ವಿ ಅಂದಕೂಡಲೇ ಒಬ್ಬಾಕಿ ಮುದುಕಿ ತಲಿ ಮ್ಯಾಲ ಸೆರಗು ಎಳಕೊಂಡ್ಲು. ಗೌಡರು ಸತ್ತು ಎಷ್ಟೋ ವರ್ಷ ಆತು, ಮನಿ ಮ್ಯಾಲ ನಾಕಾಳು ನೀರು ನಿಂತೈತಿ, ಆದ್ರೂ ಮರ್ಯಾದಿ ಮರ್ಯಾದೀನ.

ಮುಂದ ಬಂತು ಅಣ್ಣತಮ್ಮರ ಹಿತ್ತಲ. ಇಬ್ಬರೂ ಎಪ್ಪತ್ತು ದಾಟಿದವರು, ಆ ಹಿತ್ತಲದ ಸಲುವಾಗಿ ಜಗಳಾಡಿ ಜಮಖಂಡಿ ಕೋರ್ಟ್ ಮೆಟ್ಟಲಾ ಸವಸಿದವರು.

"ದೋಣಿ ಈಗ ನನ್ನ ಜಾಗಾದಾಗ ಐತಿ" ಅಂದ ಅಣ್ಣ.

"ನಿನ್ನ ಜಾಗಾ ಬೇವಿನಗಿಡದ ಆಚೆ. ಇದು ನಂದು" ಅಂದ ತಮ್ಮ.

"ಬೇವಿನಗಿಡ ಎಲ್ಲೈತಿ ತೋರಸು!"

ತಮ್ಮ ತೋರಸಾಕ ಎದ್ದು ನಿಂತ. ಅಣ್ಣ ಅವನ ಕೈ ಹಿಡಿಯಾಕ ಎದ್ದು ನಿಂತ. ದೋಣಿ ತೊಟ್ಟಲ ಹಂಗ ತೂಗಿತು. ಮಿಸ್ತ್ರಿ ಒದರಿದ: "ಕುಂದರ್ರಿ! ಇಲ್ಲಾಂದ್ರ ಇಬ್ಬರೂ ಕೆಳಗ ಹೋಗಿ ಅಳಕೊಂಡ ಬರ್ರಿ!"

ನನ್ನ ಮನಿ ಮ್ಯಾಲ ಬಂದಾಗ ದೋಣಿ ನಿಂತಿತು. ನಾ ಏನೂ ಹೇಳಿರಲಿಲ್ಲ, ಮಿಸ್ತ್ರೀನ ಇಂಜಿನ್ ಬಂದ್ ಮಾಡಿದ್ದ. ನೀರು ನೋಡಿದ್ನಿ. ನೀರ ಇತ್ತು, ಮತ್ತೇನಿಲ್ಲ.

ಬರಬೇಕಾದ್ರ ಎದುರು ಗಾಳಿ. ನಲವತ್ತರ ಇಂಜಿನ್ನು ದಮ್ಮಿನ ಬ್ಯಾನಿ ಹತ್ತಿದಾಂವನಂಗ ಏದುಸಿರು ಬಿಟ್ಟು, ಮುಂದ ಎರಡು ಮಾರು, ಹಿಂದ ಒಂದು ಮಾರು ಮಾಡಾಕತ್ತು. ಆವಾಗ ಮಿಸ್ತ್ರಿ ನನ್ನ ಕಡೆ ತಿರಗಿ ಕೇಳಿದ: "ಯಕ್ಕಾ, ನೀ ಏನಂತಿ? ದೊಡ್ಡದು ಹಾಕ್ಲ್ಯೋ, ಇದ್ದದ್ದರಾಗ ಇರ್ಲ್ಯೋ?"

ಊರಮಂದಿನ್ನೆಲ್ಲಾ ಕೇಳಿದ್ದ, ನನ್ನ ಮೊದಲ ಸಲ ಕೇಳಿದ. ಗಂಟಲಾಗ ಬಂದದ್ದು ಒಂದು, ಬಾಯಾಗ ಬಂದದ್ದು ಇನ್ನೊಂದು.

"ಹಾಕ್ಕೊಂಡ ಹೋಗಪಾ. ನಿನ್ನ ಕೆಮ್ಮು ಕೇಳಿ ಕೇಳಿ ನನಗೂ ಸಾಕಾಗೈತಿ" ಅಂದ್ನಿ.

ದೋಣ್ಯಾಗಿದ್ದವರೆಲ್ಲಾ ನಕ್ಕರು. ಮಿಸ್ತ್ರೀನೂ ನಕ್ಕ. ನಾ ಗಾಳಿ ಭಾಳ ಐತಿ ಅಂತ ಕಣ್ಣಿಗೆ ಸೆರಗು ಹಚ್ಚಿಕೊಂಡ್ನಿ.

ಬಸ್ಸಿನ್ಯಾಗ ಸಿಕ್ಕ ಸುದ್ದಿ

ನನ್ನ ಬಾಯಿಲೆ ಹೇಳಾಕ ಆಗದ್ದನ್ನ ಊರ ಬಾಯಿಲೆ ಹೇಳಸೂಣು ಅಂತ ವಿಚಾರ ಮಾಡಿದ್ನಿ. ಊರಾಗ ಹೆಸರ ಕೆಟ್ಟು ನಾಚಿಕಿ ಆದ್ರ ಮನಷ್ಯಾ ಮನಿ ಬಿಟ್ಟು ಹೋಗೂದಿಲ್ಲ ಅಲ್ಲ? ಗಿರಣಿಗೆ ಜ್ವಾಳ ತಗೊಂಡು ಹೋಗಿ, ಗಿರಣಿ ನಡಸೂ ಹೆಣಮಗಳ ಕಿವ್ಯಾಗ ಹೇಳಿದ್ನಿ: "ಈ ವಯಸ್ಸಿನ್ಯಾಗ ಅಷ್ಟು ಜೋರ ಇಂಜಿನ್ ಯಾಕ ಬೇಕವಾ? ಆಚೇ ದಂಡ್ಯಾಗ ಒಬ್ಬಾಕಿ ಅದಾಳ. ರಿಟೈರ್ ಆದ ನರ್ಸಬಾಯಿ. ಯಾರ ಮುಂದೂ ಹೇಳಬ್ಯಾಡ."

ನರ್ಸಬಾಯಿ ಅನ್ನೂದು ಅಲ್ಲೇ ಹೊಳೀತು. ಸುದ್ದ್ಯಾಗ ಬರೂ ಹೆಂಗಸಿಗೆ ಒಂದು ನೌಕರಿ ಇದ್ರ ಮಂದಿ ಲಗೂ ನಂಬತಾರ.

ನಾಕು ದಿನಾ ಬಿಟ್ಟು ಕಣ್ಣ ತೋರಸಾಕ ಜಮಖಂಡಿ ಬಸ್ ಹತ್ತಿದ್ನಿ. ಬಾಜೂಕ ಒಬ್ಬಾಕಿ ಕುಂತಿದ್ಲು, ಸಾವಳಗಿಯಾಕಿ, ಗುರ್ತಿಲ್ಲ ಪರಿಚಯಿಲ್ಲ. ಶೇಂಗಾ ಸುಲಕೋತ ನನ್ನ ಕಡೆ ವಾಲಿದ್ಲು.

"ಆಯೀ, ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ಹಿನ್ನೀರಿನ ಊರಾಗ ಒಬ್ಬ ಮುದುಕ ಮಿಸ್ತ್ರಿ ಅದಾನಂತ. ದೋಣಿಗೆ ದೊಡ್ಡ ಇಂಜಿನ್ ಹಾಕಾಕತ್ತಾನಂತ."

"ಹೌದೇನವಾ? ಯಾವದೋ ನರ್ಸಬಾಯಿ ಸಲುವಾಗಿ ಅಂತ ಕೇಳಿದ್ನಿ" ಅಂದ್ನಿ, ಏನೂ ಅರೀದಾಕಿ ಹಂಗ.

"ನರ್ಸಬಾಯಿ ಎಲ್ಲಿ ಬಂತ್ರಿ! ಅದು ಸುಳ್ಳ ಹಬ್ಬಿಸಿದ್ದು. ಅವನ ಎದುರು ಮನ್ಯಾಗ ಒಬ್ಬಾಕಿ ಮುದುಕಿ ಅದಾಳಂತ, ಅಗದೀ ಬಾಯಿಬಡಕಿ. ಅರ್ಧ ಮಂದಿ ಅಂತಾರ, ಆಕಿನ್ನ ಕರಕೊಂಡು ಓಡಿಹೋಗಾಕ ದೊಡ್ಡ ಇಂಜಿನ್ ಅಂತ. ಅರ್ಧ ಮಂದಿ ಅಂತಾರ, ಆಕಿ ಕೈಯಾಗಿಂದ ತಪ್ಪಿಸಿಕೊಂಡು ಓಡಾಕ ಅಂತ."

ಸೆರಗು ಮಾರಿ ಮ್ಯಾಲ ಎಳಕೊಂಡ್ನಿ. ಆದ್ರೂ ಕೇಳದ ಇರಾಕ ಆಗಲಿಲ್ಲ: "ನಿನಗ ಯಾವದು ಖರೆ ಅನಸತೈತಿ?"

"ಎರಡನೇದ್ದ ರೀ" ಅಂದ್ಲು, ಒಂದು ಗಳಿಗಿ ತಡಾ ಮಾಡದ.

ಸಿಟ್ಟು ಬರಬೇಕಾಗಿತ್ತು. ಎರಡನೇದ್ದಕ್ಕ ಬಂತು. ಮೊದಲನೇದ್ದಕ್ಕ ಯಾಕೋ ಬರಲಿಲ್ಲ. ಹೆಣಮಕ್ಕಳಿಗೆ ಬಸ್ ಫ್ರೀ ಐತಿ ಅಂತ ಹತ್ತಿದ್ದ ನಂದ ತಪ್ಪು. ಫ್ರೀ ಬಸ್ಸಿನ್ಯಾಗ ಬೈಗಳಾನೂ ಫ್ರೀ.

ನಲವತ್ನಾಕೂವರಿ ಕಿ.ಗ್ರಾಂ. ಮುದುಕಿ

ಕಡೀಕ ಬನಹಟ್ಟಿ ಕಡಿಂದ ಹಳೇ ಇಂಜಿನ್ ಮಾರೂ ದಲಾಲಿ ಬಂದ. ದೋಣಿ ಹಿಂದಿನ ಹಲಗಿ ಬಡದು ನೋಡಿ ಅಂದ: "ಮಿಸ್ತ್ರೀ, ಎಂಬತ್ತೈದರ ಇಂಜಿನ್ನು ಇದ್ದದ್ದಕಿಂತ ನಲವತ್ತೈದು ಕಿಲೋ ಜಾಸ್ತಿ ಐತಿ. ನಿನ್ನ ದೋಣಿಗೆ ವಯಸ್ಸಾಗೈತಿ. ಮೊದಲ ಅಷ್ಟು ವಜನ ಹಿಂದ ಇಟ್ಟು, ಎಂಟು ಮಂದಿ ಕುಂದ್ರಿಸಿ ನೋಡು. ಹಿಂದಿನ ಹಲಗಿ ನೀರಿನ ಮ್ಯಾಲ ನಾಕು ಬೆರಳು ಉಳದ್ರ ಇಂಜಿನ್ ಹಾಕು. ಮೂರು ಉಳದ್ರ ಹಾಕಬ್ಯಾಡ."

ವಜನಕ್ಕ ಏನ ಇಡಬೇಕು? ಬೆಲ್ಲದ ಪೆಂಟಿ ಕೇಳಿದ್ರ ಗಾಣದ ಸಾಹುಕಾರ ಕೊಡಲಿಲ್ಲ. "ನೀರಾಗ ಬಿದ್ರ ಹಿನ್ನೀರೆಲ್ಲಾ ಪಾನಕಾ ಆಕ್ಕೈತಿ" ಅಂದ. ಉಸುಕಿನ ಚೀಲ ಇಟ್ರ ದೋಣಿ ತೂಗಿದಾಗ ಜರೀತಾವು. ಕುಂತಲ್ಲೇ ಕುಂದ್ರೂ ವಜನ ಬೇಕು ಅಂದ ಮಿಸ್ತ್ರಿ.

"ಕುಂತಲ್ಲೇ ಕುಂದ್ರೂದಂದ್ರ ನಮ್ಮ ಆಯಿನ್ನ ಬಿಟ್ರ ಯಾರದಾರ?" ಅಂದ ಟ್ರ್ಯಾಕ್ಟರ್ ಡ್ರೈವರ್.

ನನ್ನ ಕರಕೊಂಡು ಹೋಗಿ, ಬೆಲ್ಲ ತೂಗೂ ತಕ್ಕಡಿ ಮ್ಯಾಲ ಕುಂದ್ರಿಸಿದ್ರು. ನೊಣಾ ಮುತ್ತಿದ್ವು. ನಲವತ್ನಾಕೂವರಿ.

"ಅರ್ಧ ಕಿಲೋ ಕಮ್ಮಿ ಬಿತ್ತು" ಅಂದ ಸಾಹುಕಾರ.

"ನಾಲಿಗಿ ಒಳಗ ಮಡಚಿ ಇಟ್ಟಾಳ್ರಿ, ಹೊರಗ ತಗೀ ಅನ್ರಿ, ಸರಿ ಆಕ್ಕೈತಿ" ಅಂದ ಡ್ರೈವರ್.

ಮಿಸ್ತ್ರಿ ನನ್ನ ಕೈಯಾಗ ಅರ್ಧ ಕಿಲೋ ಬೆಲ್ಲ ಇಟ್ಟ. "ನಾಳೆ ಮುಂಜಾನೆ ಇದನ್ನ ಹಿಡಕೊಂಡ ಬಾ ಯಕ್ಕಾ. ತಿನ್ನಬ್ಯಾಡ" ಅಂದ.

ಈಗ ಹೇಳೂದನ್ನ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ಮುಂಜಾನೆದ್ದು ಖಾರ ಅರಿಯೂ ಗುಂಡುಕಲ್ಲಿನ ಕಡೆ ನೋಡಿದ್ನಿ. ಅದೂ ನನ್ನ ಕಡೆ ನೋಡಿತು. ಹಳೇ ಸೀರಿ ತುಂಡಿನ್ಯಾಗ ಅದನ್ನ ಗಂಟು ಕಟ್ಟಿ, ಸೊಂಟಕ್ಕ ಬಿಗದು, ಮ್ಯಾಲ ಸೀರಿ ಉಟ್ನಿ. ನಾಕು ಬೆರಳು ಇರೂದು ಮೂರಕ್ಕ ಬರಬೇಕು, ಮಿಸ್ತ್ರಿ ಆಗೂದಿಲ್ಲ ಅನಬೇಕು, ಮನಿಗೆ ಬಂದು ಕೆಮ್ಮಬೇಕು. ಇಷ್ಟ ನನ್ನ ವಿಚಾರ. ದಂಡಿ ಹತ್ರ ನೀರು ಎದಿಮಟ, ಯಾರೂ ಸಾಯೂದಿಲ್ಲ.

ದಂಡಿಗೆ ಮುಟ್ಟೂದ್ರಾಗ ನನ್ನ ಜೀವ ಹೋಗಿ ಬಂತು. ತೇಲೂ ಜಾಕೀಟು ತೊಡಸಾಕ ಹೋದ್ರ ಬೆಲ್ಟು ಹತ್ತಲಿಲ್ಲ.

"ರಾತ್ರಿ ಏನ ತಿಂದಿ ಆಯೀ?" ಅಂದ ಡ್ರೈವರ್.

"ನಿನ್ನ ಮದವಿ ಊಟಾ" ಅಂದ್ನಿ.

ಇಂಜಿನ್ ಬಾಜೂಕ ನನ್ನ ಕುಂದ್ರಿಸಿದ್ರು, ಮುಂದ ಎಂಟು ಮಂದಿ ಕುಂತ್ರು. ಮಿಸ್ತ್ರಿ ಎದಿಮಟ ನೀರಾಗ ನಿಂತು ಹಲಗಿಗೆ ಬೆರಳು ಹಚ್ಚಿದ. ಒಂದು. ಎರಡು. ಮೂರು. ನಾಕನೇ ಬೆರಳು ನೀರಾಗ ಹೋತು. ಮತ್ತೊಮ್ಮೆ ಹಚ್ಚಿದ. ಮೂರ. ನನ್ನ ಕಡೆ ನೋಡಿದ, ದೋಣಿ ಮೈಮ್ಯಾಲ ಕೈ ಆಡಿಸಿದ, ದನಾ ಮಾರೂ ಮುಂದ ಆಡಸತಾರಲ್ಲ ಹಂಗ.

"ಆಗೂದಿಲ್ಲ ಬಿಡ್ರಿ" ಅಂದ, ನೀರಿಂದ ದಂಡಿಗೆ ಹತ್ತಿ ಬರಕೋತ. "ಸಣ್ಣದರ ಮ್ಯಾಲ ಇರೂಣು."

ಆ ಮಾತಿಗೆ ನನ್ನ ಎದಿ ಹಗುರಾತು. ಸೊಂಟ ಹಗುರಾಗಿರಲಿಲ್ಲ, ಅದನ್ನ ಖುಷ್ಯಾಗ ಮರತ್ನಿ. ಚಂಗನ ದಂಡಿಗೆ ಇಳಿಯಾಕ ಹೋದ್ನಿ. ಗಂಟು ಸಡಲಿತು. ಗುಂಡುಕಲ್ಲು ಸೀರಿ ಕೆಳಗಿಂದ ದಂಡಿ ಮ್ಯಾಲ ದಪ್ಪಂತ ಬಿದ್ದು, ಉರುಳಕೋತ ಹೋಗಿ ಮಿಸ್ತ್ರಿ ಕಾಲಿಗೆ ಹತ್ತಿ ನಿಂತಿತು.

ಎಲ್ಲಾರೂ ಬಗ್ಗಿ ಕಲ್ಲು ನೋಡಿದ್ರು. ಆಮ್ಯಾಲ ಡ್ರೈವರ್ ಒದರಿದ: "ಆಯಿ ಹಡದಳೋ! ಗಂಡಸಮಗಾ!"

ಎಂಟು ಮಂದಿ ದೋಣ್ಯಾಗ ಬಿದ್ದು ಬಿದ್ದು ನಕ್ಕರು. ಗಾಣದ ಸಾಹುಕಾರ ದಂಡ್ಯಾಗ ಕುಂತು ಹೊಟ್ಟಿ ಹಿಡಕೊಂಡ. ಮಿಸ್ತ್ರಿ ನಗಲಿಲ್ಲ. ಕಲ್ಲು ಎತ್ತಿ ಕೈಯಾಗ ತೂಗಿ ನೋಡಿ ಬಾಜೂಕ ಇಟ್ಟ. ನನ್ನ ಮತ್ತ ದೋಣಿಗೆ ಹತ್ತಿಸಿದ, ಅರ್ಧ ಕಿಲೋ ಬೆಲ್ಲ ಕೈಯಾಗ ಕೊಟ್ಟ. ಮತ್ತ ಬೆರಳು ಹಚ್ಚಿದ.

ನಾಕು.

ಮಧ್ಯಾಹ್ನ ನಾ ಬಾಗಲಾ ಮುಂದ ಮಾಡಿಕೊಂಡು ಒಳಗ ಕುಂತಿದ್ನಿ. ಮಿಸ್ತ್ರಿ ಕಲ್ಲು ಹೆಗಲ ಮ್ಯಾಲ ಹೊತ್ತಕೊಂಡು ಬಂದು, ಬಾಗಲಾ ದೂಕಿ, ಅದನ್ನ ಇದ್ದ ಜಾಗಾದಾಗ ಇಟ್ಟ. ತೊಳಕೊಂಡ ಬಂದಿದ್ದ. ನೀರು ಕೊಟ್ನಿ, ಕುಡದ. ದಲಾಲಿಗೆ ಹೂಂ ಅಂದೇನಿ, ಸೋಮವಾರ ಆಚೇ ದಂಡಿಗೆ ಹೊಂಟೇನಿ ಅಂದ. ನಾ ಛಲೋ ಆತು ಅಂದ್ನಿ. ತಂಬಿಗಿ ಕೆಳಗಿಟ್ಟು, ನನ್ನ ಮಾರಿ ಮ್ಯಾಲ ಕಣ್ಣಿಟ್ಟು ಹೇಳಿದ:

"ಯಕ್ಕಾ, ಹೋಗಬ್ಯಾಡ ಅಂತ ಒಂದ ಮಾತು ಅಂದಿದ್ರ ನಾ ಇಂಜಿನ್ನಿನ ವಿಚಾರಾನ ಬಿಡತಿದ್ನಿ. ಗಿರಣ್ಯಾಗ ಹೇಳಿದಿ, ಊರಿಗೆ ಹೇಳಿದಿ, ಕಡೀಕ ಕಲ್ಲಿಗೂ ಹೇಳಿದಿ. ನನಗೊಬ್ಬಂಗ ಹೇಳಲಿಲ್ಲಲ್ಲಬೇ."